ಪಾಲಕ್ ಬೋರೆಕ್ ಮಾಡಿದ ಬುಧವಾರ: ಹಿಟ್ಟಿನ ಉಂಡೆಯಿಂದ ತಟ್ಟೆಯವರೆಗೆ

ಪಾಲಕ್ ಸೊಪ್ಪಿನ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಹಿಟ್ಟಿನ ಹಾಳೆಯೊಳಗೆ ಅದನ್ನು ಸುತ್ತಿ, ಮೇಲೆ ಗರಿಗರಿಯಾಗಿ ಒಳಗೆ ಮೆತ್ತಗೆ ಬರುವಂತೆ ಬೇಯಿಸಿದರೆ ಅದು ಟರ್ಕಿಯ ಇಸ್ಪನಾಕ್ಲಿ ಬೋರೆಕ್, ಅಂದರೆ ಪಾಲಕ್ ಬೋರೆಕ್. ಈ ತಿಂಡಿಯ ಕಷ್ಟವೆಲ್ಲ ನೀರಿನದು. ಸೊಪ್ಪಿನ ನೀರು ಹೊರಗೆ ಹೋಗಬೇಕು. ಕಲಸಿದ ಹಿಟ್ಟಿನ ನೀರು ಆರದೆ ಉಳಿಯಬೇಕು. ಪದರಗಳ ನಡುವೆ ಸವರುವ ಹಾಲು ಮೊಸರಿನ ನೀರು ಓವನ್‌ನಲ್ಲಿ ಆವಿಯಾಗಿ ಹಾಳೆಗಳನ್ನು ಎತ್ತಿ ಹಿಡಿಯಬೇಕು. ಈ ಮೂರೂ ಹದಕ್ಕೆ ಬಂದರೆ ಮಸಾಲೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಬೋರೆಕ್ ಚೆನ್ನಾಗಿಯೇ ಆಗುತ್ತದೆ.

ಇಸ್ತಾಂಬುಲ್‌ನ ಏಷ್ಯಾ ಬದಿಯ ಕಾದಿಕೊಯ್‌ನಲ್ಲಿ ನಮ್ಮ ಬಾಡಿಗೆ ಮನೆ. ಅಲ್ಲಿನ ಅಡುಗೆಮನೆಯಲ್ಲಿ, ಅಂಗಡಿಯ ಹಾಳೆ ತಾರದೆ, ಹಿಟ್ಟು ಕಲಸುವುದರಿಂದ ಹಿಡಿದು ಎಲ್ಲವನ್ನೂ ಕೈಯಾರೆ ಮಾಡಿದ ಒಂದು ತಟ್ಟೆ ಬೋರೆಕ್‌ನ ದಾಖಲೆ ಇದು. ಮೇಲಿನ ಮಹಡಿಯ ತೆಯ್ಜೆ ಹಾಳೆ ಲಟ್ಟಿಸುವ ಹೊತ್ತಿಗೆ ಬಂದು ಕುಳಿತಿದ್ದರು. ಇಲ್ಲಿ ತಾಯಿಯ ವಯಸ್ಸಿನ ನೆರೆಯ ಹೆಂಗಸರನ್ನೆಲ್ಲ ತೆಯ್ಜೆ ಎಂದೇ ಕರೆಯುತ್ತಾರೆ, ನಾವು ಚಿಕ್ಕಮ್ಮ ಎನ್ನುವ ಹಾಗೆ. ಅವರ ಕೈಯಲ್ಲಿ ಒಕ್ಲಾವಾ ಎಂಬ ಲಟ್ಟಿಸುವ ಕೋಲು ಓಡುವುದನ್ನು ನೋಡಿದವರಿಗೆ ಅಂಗಡಿಯ ಪೊಟ್ಟಣದ ಹಾಳೆಯ ಮೇಲೆ ಮನಸ್ಸು ಹೋಗುವುದಿಲ್ಲ.

ಬೋರೆಕ್ ಒಂದೇ ತಿಂಡಿಯಲ್ಲ, ಅದೊಂದು ದೊಡ್ಡ ಬಳಗ. ಯುಫ್ಕಾ ಎಂಬ ತೆಳು ಹಾಳೆಯೊಳಗೆ ಸೊಪ್ಪು, ಚೀಸ್, ಆಲೂಗಡ್ಡೆ, ಕೈಮಾ ಹೀಗೆ ಏನನ್ನಾದರೂ ಇಡಬಹುದು. ಹಾಳೆಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಹಾಸಿದರೆ ತೆಪ್ಸಿ ಬೋರೆಕ್. ಬೆರಳಿನಷ್ಟೇ ದಪ್ಪಕ್ಕೆ ಸುತ್ತಿ ಎಣ್ಣೆಯಲ್ಲಿ ಕರಿದರೆ ಸಿಗಾರಾ ಬೋರೆಕ್. ಹಾಳೆಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ತಣ್ಣೀರಿಗೆ ಅದ್ದಿ, ಆಮೇಲೆ ಜೋಡಿಸಿ ಬೇಯಿಸಿದರೆ ಸು ಬೋರೆಕ್. ಅದು ಬಳಗದಲ್ಲೇ ಅತ್ಯಂತ ಶ್ರಮದ್ದು, ಅದಕ್ಕೆ ಇನ್ನೊಂದು ಜೋಡಿ ಕೈ ಬೇಕೇ ಬೇಕು. ನಾನು ಆರಿಸಿಕೊಂಡದ್ದು ಕೋಲ್ ಬೋರೆಕ್. ಪ್ರತಿ ಹಾಳೆಯ ಅಂಚಿಗೆ ಹೂರಣ ಇಟ್ಟು ಉದ್ದಕ್ಕೆ ಸುತ್ತಿ, ಆ ಉದ್ದನೆಯ ಸುರುಳಿಗಳನ್ನು ದುಂಡು ತಟ್ಟೆಯಲ್ಲಿ ನಡುವಿನಿಂದ ಹೊರಕ್ಕೆ ಸಿಂಬೆ ಸುತ್ತುತ್ತ ಹೋಗುವುದು. ಹಾಳೆ ಪೂರ್ತಿ ದುಂಡಗಿರಬೇಕೆಂದಿಲ್ಲ, ತಟ್ಟೆಯ ಅಳತೆಗೆ ಹೊಂದಬೇಕೆಂದಿಲ್ಲ, ನಡುವೆ ಒಂದು ಕಡೆ ಹರಿದರೂ ಸುತ್ತಿನೊಳಗೆ ಮುಚ್ಚಿಹೋಗುತ್ತದೆ. ಮನೆಯಲ್ಲಿ ಹಾಳೆ ಲಟ್ಟಿಸಲು ಕಲಿಯುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೊಪ್ಪು ತಂದದ್ದು ಹಿಂದಿನ ದಿನ, ಕಾದಿಕೊಯ್‌ನ ಮಂಗಳವಾರದ ಸಂತೆಯಿಂದ. ಇಲ್ಲಿ ಪಾಲಕ್ ಚಳಿಗಾಲದ ಬೆಳೆ. ಬೇರುಸಮೇತ ಕಿತ್ತು ರಾಶಿ ಹಾಕಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಎಲೆ ದಪ್ಪ, ಸುಕ್ಕುಸುಕ್ಕು, ಬುಡದಲ್ಲಿ ಗುಲಾಬಿ ಬಣ್ಣದ ಬೇರು, ಬೇರಿನ ಸಂದಿಯಲ್ಲೆಲ್ಲ ಮಣ್ಣು. ಒಂದು ಕಿಲೋ ಕೊಂಡರೆ ಬೇರು ಮತ್ತು ಒರಟು ದಂಟು ತೆಗೆದ ಮೇಲೆ ಕೈಗೆ ಸಿಗುವುದು ಸುಮಾರು 700 ಗ್ರಾಂ. ಬೇರುಗಳನ್ನು ಎಸೆಯಬಾರದು, ಅವಕ್ಕೆ ಬೇರೆ ಕೆಲಸವಿದೆ, ಕೊನೆಗೆ ಹೇಳುತ್ತೇನೆ.

ತೊಳೆಯುವುದರಲ್ಲೂ ಒಂದು ಕ್ರಮವಿದೆ. ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಸೊಪ್ಪನ್ನು ಮುಳುಗಿಸಿ, ಕೈಯಾಡಿಸಿ, ಸ್ವಲ್ಪ ಹೊತ್ತು ಬಿಡಬೇಕು. ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಸೊಪ್ಪನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಬೇರೆ ಪಾತ್ರೆಗೆ ಹಾಕಬೇಕು. ಸೊಪ್ಪಿರುವಂತೆಯೇ ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ಇಳಿದ ಮಣ್ಣೆಲ್ಲ ಮತ್ತೆ ಎಲೆಯ ಮೇಲೆಯೇ ಬಂದು ಕೂರುತ್ತದೆ. ತಳದಲ್ಲಿ ಮರಳು ಕಾಣದಾಗುವವರೆಗೆ ಇದೇ ಕೆಲಸ. ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕುವುದು ಇಲ್ಲಿನ ಮನೆಗಳ ರೂಢಿ. ತೊಳೆದ ಸೊಪ್ಪನ್ನು ಹತ್ತಿಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಲೆ ಸ್ವಲ್ಪ ಬಾಡಿತ್ತು, ಮುಟ್ಟಿದರೆ ಕೈಗೆ ತೇವ ಹತ್ತುತ್ತಿರಲಿಲ್ಲ. ಹಾಗೆಯೇ ಇರಬೇಕು. ಎಲೆಯ ಮೇಲಿನ ನೀರನ್ನು ಗಾಳಿಗೆ ಬಿಟ್ಟುಕೊಟ್ಟರೆ, ಎಲೆಯೊಳಗಿನ ನೀರನ್ನು ಮಾತ್ರ ನಾವು ನೋಡಿಕೊಂಡರೆ ಸಾಕು.

ಬೆಳಿಗ್ಗೆ 9 ಗಂಟೆ. ಹಿಟ್ಟು 500 ಗ್ರಾಂ, ಉಪ್ಪು 10 ಗ್ರಾಂ, ಉಗುರುಬೆಚ್ಚಗಿನ ನೀರು 275 ಮಿಲಿಲೀಟರ್. ಜೊತೆಗೆ ಒಂದು ಚಮಚ ವಿನೆಗರ್, ಅಷ್ಟೆ. ಯೀಸ್ಟ್ ಇಲ್ಲ, ಸೋಡಾ ಇಲ್ಲ. ಟರ್ಕಿಯ ಅಂಗಡಿಗಳಲ್ಲಿ ಬಕ್ಲಾವಾ ಮತ್ತು ಬೋರೆಕ್‌ಗೆಂದೇ ಬೇರೆ ಹಿಟ್ಟು ಸಿಗುತ್ತದೆ, ಅದರಲ್ಲಿ ಪ್ರೋಟೀನ್ ಹೆಚ್ಚು. ಹಾಳೆ ಹರಿಯದೆ ತೆಳುವಾಗಬೇಕಾದರೆ ಈ ಪ್ರೋಟೀನೇ ಆಧಾರ. ಹಿಟ್ಟಿಗೆ ನೀರು ಸೇರಿ ನಾದಿದಾಗ ಅದರಲ್ಲಿನ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಪ್ರೋಟೀನ್‌ಗಳು ಹೆಣೆದುಕೊಂಡು ಗ್ಲುಟೆನ್ ಬಲೆಯಾಗುತ್ತದೆ. ಮೊದಲನೆಯದು ಹಿಟ್ಟಿಗೆ ಬಿಗಿ ಕೊಟ್ಟರೆ ಎರಡನೆಯದು ಹಿಗ್ಗುವ ಗುಣ ಕೊಡುತ್ತದೆ. ವಿನೆಗರ್ ಹಾಕುವುದು ಹಿಟ್ಟು ಇನ್ನಷ್ಟು ಸುಲಭವಾಗಿ ಹಿಗ್ಗಲೆಂದು.

ಹನ್ನೆರಡು ನಿಮಿಷ ನಾದಿದೆ. ಬೋರೆಕ್ ಹಿಟ್ಟಿನ ಹದಕ್ಕೆ ಇಲ್ಲಿನ ಅಡುಗೆಯವರದು ಒಂದೇ ಅಳತೆ: ಕಿವಿಯ ಹಾಲೆ. ಹಿಟ್ಟನ್ನು ಎರಡು ಬೆರಳಲ್ಲಿ ಹಿಚುಕಿ, ಆಮೇಲೆ ಕಿವಿಯ ಹಾಲೆಯನ್ನು ಹಿಚುಕಿ ನೋಡಿದರೆ ಎರಡೂ ಒಂದೇ ಮೆದುವಾಗಿರಬೇಕು. ಲಟ್ಟಿಸುವ ಯುಫ್ಕಾಗೆ ಅದಕ್ಕಿಂತ ತುಸು ಗಟ್ಟಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, 98 ಗ್ರಾಂನಂತೆ ಎಂಟು ಉಂಡೆ ಮಾಡಿ, ಮತ್ತೆ ಇಪ್ಪತ್ತು ನಿಮಿಷ ಬಿಟ್ಟೆ. ಈ ವಿರಾಮದಲ್ಲಿ ನಾದುವಾಗ ಬಿಗಿದುಕೊಂಡ ಬಲೆ ಸಡಿಲಗೊಳ್ಳುತ್ತದೆ. ಸಡಿಲಗೊಳ್ಳದ ಉಂಡೆಯನ್ನು ಎಷ್ಟು ಲಟ್ಟಿಸಿದರೂ ಅದು ಮರಳಿ ಕುಗ್ಗುತ್ತದೆ. ಹೋಳಿಗೆಯ ಕಣಕವನ್ನು ಗಂಟೆಗಟ್ಟಲೆ ಎಣ್ಣೆಯಲ್ಲಿ ನೆನೆಯಲು ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ನಡೆಯುವುದೂ ಇದೇ.

ಇನ್ನು ಲಟ್ಟಿಸುವುದು. ಈ ಕೆಲಸದ ನಿಜವಾದ ಸೊಗಸು ಇರುವುದು ಇಲ್ಲಿಯೇ.

ಒಕ್ಲಾವಾ ನಮ್ಮ ಲಟ್ಟಣಿಗೆಗಿಂತ ಬೇರೆ. ಹಿಡಿಯಿಲ್ಲ, ಹೊಟ್ಟೆಯಿಲ್ಲ. ಹೆಬ್ಬೆರಳಿಗಿಂತ ಸಣ್ಣ, ಮುಕ್ಕಾಲು ಮೀಟರ್‌ನಷ್ಟು ಉದ್ದದ ನೇರ ಮರದ ಕೋಲು. ಮೊದಲು ಉಂಡೆಯನ್ನು ಚಪಾತಿಯ ಅಗಲಕ್ಕೆ ತರುವವರೆಗೆ ಮಾಮೂಲಿ ರೀತಿಯಲ್ಲಿಯೇ ಲಟ್ಟಿಸಬೇಕು. ಆಮೇಲೆ ಕೈಯ ಚಲನೆಯೇ ಬದಲಾಗುತ್ತದೆ. ಹಾಳೆಯ ಮೇಲೆ ಗೋಧಿ ಪಿಷ್ಟ ಉದುರಿಸಿ, ಹತ್ತಿರದ ಅಂಚನ್ನು ಕೋಲಿನ ಮೇಲೆ ಎತ್ತಿ, ಹಾಳೆಯನ್ನು ಪೂರ್ತಿಯಾಗಿ ಕೋಲಿಗೆ ಸುತ್ತಬೇಕು. ಎರಡೂ ಅಂಗೈಯನ್ನು ಕೋಲಿನ ನಡುವೆ ಇಟ್ಟು, ಮುಂದಕ್ಕೆ ಉರುಳಿಸುತ್ತಲೇ ಕೈಗಳನ್ನು ಎರಡೂ ತುದಿಗೆ ಸರಿಸಬೇಕು. ಒತ್ತಡ ಹಗುರ. ಕೋಲು ಮುಂದಕ್ಕೂ ಅಂಗೈಗಳು ಪಕ್ಕಕ್ಕೂ ಹೋಗುವುದರಿಂದ ಸುತ್ತಿಕೊಂಡ ಹಾಳೆ ತನ್ನ ಮೇಲೆಯೇ ಜಾರುತ್ತ ಅಗಲವಾಗುತ್ತದೆ. ಬಿಚ್ಚಿ, ಎಂಟನೇ ಒಂದು ಸುತ್ತು ತಿರುಗಿಸಿ, ಪಿಷ್ಟ ಉದುರಿಸಿ, ಮತ್ತೆ ಸುತ್ತುವುದು. ಉರುಳುವಾಗ ಹಾಳೆಯ ಬಿಡಿ ಅಂಚು ಮಣೆಗೆ ಬಡಿದು ಪಟಪಟ ಸದ್ದಾಗುತ್ತದೆ. ಆ ಸದ್ದು ಒಂದೇ ಸಮನೆ ಬರುತ್ತಿದ್ದರೆ ಹಾಳೆ ಎಲ್ಲ ಕಡೆ ಒಂದೇ ದಪ್ಪಕ್ಕೆ ಬರುತ್ತಿದೆ ಎಂದು ಅರ್ಥ.

ತೆಯ್ಜೆ ಪಕ್ಕದ ಕುರ್ಚಿಯಲ್ಲಿ ಕುಳಿತು ಕೈ ನೋಡುತ್ತಿದ್ದರು. “ಅಂಚು ನೋಡು ಮಗಳೇ, ನಡುವನ್ನು ಬಿಡು,” ಎಂದರು. “ನಡು ತಾನಾಗಿಯೇ ತೆಳ್ಳಗಾಗುತ್ತದೆ. ಅಂಚಿಗೆ ಮಾತ್ರ ನಾವೇ ಹೇಳಿ ಮಾಡಿಸಬೇಕು.”

“ಇಷ್ಟು ಸಾಕೇ ತೆಯ್ಜೆ?” ಎಂದು ಕೇಳಿದೆ.

ಅವರು ಹಾಳೆಯನ್ನು ಕೋಲಿನ ಮೇಲೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಡುವೆ ಬೆಳಕು ಹರಡಿಕೊಂಡಿತ್ತು, ಸುತ್ತಲೂ ಎರಡು ಬೆರಳಗಲದ ಮಸುಕು ಪಟ್ಟಿ. “ಇದು ಹೋಗಬೇಕು,” ಎಂದು ಆ ಪಟ್ಟಿಯ ಮೇಲೆ ಬೆರಳಿಟ್ಟರು. ಮತ್ತೆ ಸುತ್ತಿ, ಈ ಸಲ ತುದಿಗಳ ಕಡೆಗೆ ಹೆಚ್ಚು ಒತ್ತಡ ಕೊಟ್ಟು ಉರುಳಿಸಿದೆ. ಪಟ್ಟಿ ಕರಗಿತು. ಮಣೆಯ ಮೇಲೆ ಹಾಸಿದಾಗ ಮರದ ಗೆರೆಗಳು ಹಾಳೆಯೊಳಗಿಂದ ಕಾಣುತ್ತಿದ್ದವು.

ಅಳೆದರೆ ಅಡ್ಡಕ್ಕೆ 50 ಸೆಂಟಿಮೀಟರ್. 98 ಗ್ರಾಂ ಹಿಟ್ಟು ಅಷ್ಟಗಲ ಹರಡಿದೆ ಎಂದರೆ ದಪ್ಪ ಸುಮಾರು 0.4 ಮಿಲಿಮೀಟರ್ ಎಂದು ಲೆಕ್ಕ ಸಿಗುತ್ತದೆ. ಯುಫ್ಕಾ ಅಂಗಡಿಯವರ ಹಾಳೆ ಇದಕ್ಕಿಂತಲೂ ಅಗಲ. ಅವರು ಅದನ್ನು ಸಾಜ್ ಎಂಬ ಉಬ್ಬು ಕಾವಲಿಯ ಮೇಲೆ ಕ್ಷಣಮಾತ್ರ ಬಿಸಿ ತೋರಿಸಿ, ಮಡಿಸಿ ಮಾರುತ್ತಾರೆ. ಬಿಸಿ ತಾಕಿದ ಹಾಳೆ ಒಂದಕ್ಕೊಂದು ಅಂಟುವುದಿಲ್ಲ, ಒಂದೆರಡು ದಿನ ಇಡಲೂ ಬರುತ್ತದೆ. ನಾನು ತಕ್ಷಣ ಸುತ್ತುವವಳಾದ್ದರಿಂದ ಕಾವಲಿಯ ಕೆಲಸ ಬಿಟ್ಟೆ. ಹಸಿ ಹಾಳೆಗೆ ಮೃದುತ್ವ ಹೆಚ್ಚು, ಆದರೆ ಗಾಳಿಗೆ ಬೇಗ ಒಣಗಿ ಅಂಚು ಸೀಳುತ್ತದೆ. ಲಟ್ಟಿಸಿದ ಪ್ರತಿ ಹಾಳೆಗೂ ಪಿಷ್ಟ ಉದುರಿಸಿ, ಒಂದರ ಮೇಲೊಂದು ಇಟ್ಟು, ಮೇಲೆ ಸ್ವಲ್ಪ ತೇವದ ಬಟ್ಟೆ ಮುಚ್ಚುತ್ತ ಹೋದೆ.

ಐದನೆಯ ಹಾಳೆ ನಡುವೆ ಅಂಗೈಯಗಲ ಹರಿಯಿತು. ಅದನ್ನು ಮತ್ತೆ ಉಂಡೆ ಮಾಡುವುದು ವ್ಯರ್ಥ ಶ್ರಮ, ಹಿಟ್ಟು ಬಿಗಿದುಕೊಂಡು ಇನ್ನೊಂದು ವಿರಾಮ ಕೇಳುತ್ತದೆ. ಅಂಚಿನಿಂದ ಒಂದು ತುಂಡು ಕತ್ತರಿಸಿ, ಹರಿದಲ್ಲಿ ಹಾಲಿನ ಕೈ ಸವರಿ, ತೇಪೆ ಹಾಕಿ ಮುಂದಕ್ಕೆ ಹೋದೆ. ಬೆಂದ ಮೇಲೆ ಅದು ಯಾವ ಸುರುಳಿಯಲ್ಲಿತ್ತು ಎಂದು ಕಂಡುಹಿಡಿಯಲಾಗಲಿಲ್ಲ.

ಈ ಕೈಕೆಲಸಕ್ಕೆ ಲೋಕಮನ್ನಣೆಯೂ ಇದೆ. ಲವಾಶ್, ಕತಿರ್ಮಾ, ಜುಪ್ಕಾ, ಯುಫ್ಕಾ ಈ ತೆಳು ರೊಟ್ಟಿಗಳನ್ನು ಮಾಡಿ ಹಂಚಿ ಉಣ್ಣುವ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಜೆರ್‌ಬೈಜಾನ್, ಇರಾನ್, ಕಜಕಸ್ತಾನ್, ಕಿರ್ಗಿಸ್ತಾನ್ ಮತ್ತು ಟರ್ಕಿ ಒಟ್ಟಾಗಿ ಪಡೆದ ಮನ್ನಣೆ ಅದು. ಹಂಚಿ ಉಣ್ಣುವುದನ್ನೂ ಸೇರಿಸಿ ಹೇಳಿರುವುದು ನನಗೆ ಬಹಳ ಸರಿಯೆನಿಸುತ್ತದೆ. ಅನಾತೋಲಿಯಾದ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಬೇಕಾಗುವ ಯುಫ್ಕಾವನ್ನು ನೆರೆಹೊರೆಯ ಹೆಂಗಸರು ಸೇರಿ ಒಂದೇ ದಿನದಲ್ಲಿ ರಾಶಿ ರಾಶಿ ಮಾಡಿ ಒಣಗಿಸಿ ಇಡುತ್ತಾರೆ. ಒಬ್ಬರು ಉಂಡೆ ಮಾಡುತ್ತಾರೆ, ಒಬ್ಬರು ಲಟ್ಟಿಸುತ್ತಾರೆ, ಒಬ್ಬರು ಸಾಜ್ ಮುಂದೆ ಕೂರುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಹಪ್ಪಳಕ್ಕೆ ಕೂರುವ ಮನೆಗಳಲ್ಲೂ ಕೆಲಸ ಹಂಚಿಕೊಳ್ಳುವ ರೀತಿ ಇದೇ ಅಲ್ಲವೇ.

ಹೂರಣಕ್ಕೆ ಬಂದಾಗ 11 ಗಂಟೆ. ಇಲ್ಲಿ ಎರಡು ಪಂಥಗಳಿವೆ. ಒಂದು, ಸೊಪ್ಪನ್ನು ಹಸಿಯಾಗಿಯೇ ಉಪ್ಪು ಹಾಕಿ ಹಿಂಡಿ ಬಳಸುವುದು. ಇನ್ನೊಂದು, ಈರುಳ್ಳಿಯೊಂದಿಗೆ ಬಾಡಿಸಿ ಬಸಿದು ಬಳಸುವುದು. ಎರಡನ್ನೂ ಒಂದೇ ತಟ್ಟೆಯಲ್ಲಿ, ಒಂದೇ ಓವನ್‌ನಲ್ಲಿ, ಒಂದೇ ಹಿಟ್ಟಿನ ಹಾಳೆಯಲ್ಲಿ ಹೋಲಿಸಬೇಕೆಂದು ಸೊಪ್ಪನ್ನು ಎರಡು ಪಾಲು ಮಾಡಿದೆ.

ಮೊದಲ ಪಾಲಿನ ಎಲೆಗಳನ್ನು ಬೆರಳಗಲಕ್ಕೆ ಹೆಚ್ಚಿ, ಒಂದು ಈರುಳ್ಳಿಯನ್ನು ಸಣ್ಣಗೆ ಕೊಚ್ಚಿ, ಮುಕ್ಕಾಲು ಚಮಚ ಉಪ್ಪು ಹಾಕಿ ಎರಡೂ ಕೈಯಿಂದ ಉಜ್ಜಿದೆ. ಪಾತ್ರೆ ಮೀರಿ ನಿಂತಿದ್ದ ಸೊಪ್ಪು ಎರಡು ನಿಮಿಷದೊಳಗೆ ತಳಕ್ಕೆ ಇಳಿಯಿತು. ಎಲೆ ಕಡುಹಸಿರಾಯಿತು, ಬೆರಳ ಸಂದಿಯಿಂದ ನೀರು ಒಸರತೊಡಗಿತು. ಉಪ್ಪು ಜೀವಕೋಶಗಳ ಒಳಗಿನ ನೀರನ್ನು ಹೊರಗೆಳೆಯುತ್ತದೆ, ಉಜ್ಜಿದಾಗ ಕೋಶದ ಗೋಡೆಗಳೂ ಒಡೆಯುತ್ತವೆ. ಹತ್ತು ನಿಮಿಷ ಬಿಟ್ಟು, ಮುಷ್ಟಿ ಮುಷ್ಟಿಯಾಗಿ ಹಿಂಡಿದೆ. ಮುಷ್ಟಿ ಬಿಗಿದಷ್ಟೂ ಹಸಿರು ನೀರು ಇಳಿಯುತ್ತಲೇ ಇರುತ್ತದೆ, ಆದರೆ ಬಟ್ಟೆಗೆ ಸುತ್ತಿ ತಿರುಚುವಷ್ಟು ಹಿಂಡಬಾರದು, ಎಲೆ ನಾರಾಗುತ್ತದೆ. ಮುಷ್ಟಿ ಬಿಗಿದಾಗ ಧಾರೆ ನಿಂತು ಹನಿ ಮಾತ್ರ ಬೀಳುವ ಹಂತಕ್ಕೆ ನಿಲ್ಲಿಸುವುದು ನನ್ನ ಲೆಕ್ಕ. ಆ ನೀರಿನೊಂದಿಗೆ ಉಪ್ಪಿನ ಬಹುಪಾಲೂ ಹೋಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಆಮೇಲೆ ರುಚಿ ನೋಡಬೇಕು. ಉಳಿದಿರಬಹುದಾದ ತೇವಕ್ಕೆ ಒಂದು ಚಮಚ ಸಣ್ಣ ರವೆ ಬೆರೆಸಿದೆ. ಓವನ್‌ನಲ್ಲಿ ಸೊಪ್ಪು ಮತ್ತೆ ನೀರು ಬಿಟ್ಟಾಗ ರವೆ ಅದನ್ನು ಹೀರಿ ತಾನು ಬೇಯುತ್ತದೆ.

ಎರಡನೆಯ ಪಾಲಿಗೆ ಅಗಲ ಬಾಣಲೆ, ದೊಡ್ಡ ಉರಿ. ಆಲಿವ್ ಎಣ್ಣೆಯಲ್ಲಿ ಈರುಳ್ಳಿ ಹೊಂಬಣ್ಣಕ್ಕೆ ತಿರುಗಿದ ಮೇಲೆ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಒಂದೇ ಸಲ ಸುರಿದರೆ ಬಾಣಲೆ ತಣ್ಣಗಾಗಿ ಸೊಪ್ಪು ತನ್ನದೇ ನೀರಿನಲ್ಲಿ ಬೇಯತೊಡಗುತ್ತದೆ. ಬಾಡಿದ ಸೊಪ್ಪನ್ನು ಜರಡಿಗೆ ಹಾಕಿ ಪೂರ್ತಿ ಆರುವವರೆಗೆ ಬಸಿಯಲು ಬಿಟ್ಟೆ. ಬಿಸಿ ಹೂರಣ ಹಸಿ ಹಾಳೆಗೆ ತಾಕಿದರೆ ಹಾಳೆ ಅಲ್ಲಿಯೇ ಮೆತ್ತಗಾಗಿ ತೂತು ಬೀಳುತ್ತದೆ.

ಎರಡೂ ಪಾಲಿಗೆ ನೂರು ನೂರು ಗ್ರಾಂ ಬೆಯಾಜ್ ಪೆಯ್ನಿರ್ ಪುಡಿ ಮಾಡಿ ಹಾಕಿದೆ. ಇದು ಉಪ್ಪುನೀರಿನಲ್ಲಿ ಹದಗೊಂಡ ಬಿಳಿ ಚೀಸ್, ಹೆಸರು ನಮ್ಮ ಪನೀರ್‌ಗೆ ಹತ್ತಿರವಿದ್ದರೂ ರುಚಿ ಹುಳಿಯುಪ್ಪು. ತೀರ ಉಪ್ಪೆನಿಸಿದರೆ ಹೋಳು ಮಾಡಿ ಅರ್ಧ ಗಂಟೆ ನೀರಿನಲ್ಲಿಟ್ಟು ತೆಗೆಯಬಹುದು. ಕಾಳುಮೆಣಸಿನ ಪುಡಿ, ಎಣ್ಣೆಯ ಪಸೆಯಿರುವ ಕೆಂಪು ಮೆಣಸಿನ ಚೂರು. ಇಲ್ಲಿ ಅದಕ್ಕೆ ಪುಲ್ ಬಿಬೆರ್ ಎನ್ನುತ್ತಾರೆ, ಖಾರಕ್ಕಿಂತ ಪರಿಮಳ ಹೆಚ್ಚು. ಬೇರೆ ಮಸಾಲೆ ಬೇಡ. ಜೀರಿಗೆ, ಗರಂ ಮಸಾಲೆ ಹಾಕಲು ನಮ್ಮ ಕೈ ತುಡಿಯುತ್ತದೆ, ತಡೆದುಕೊಳ್ಳಬೇಕು. ಸೊಪ್ಪಿನ ಮಣ್ಣಿನ ಘಮ, ಚೀಸಿನ ಹುಳಿ, ಬೆಂದ ಹಿಟ್ಟಿನ ಸಿಹಿ, ಈ ಮೂರರ ಮೇಲೆ ನಿಂತ ರುಚಿ ಇದು.

ಪದರಗಳ ನಡುವಿನ ದ್ರವಕ್ಕೆ ಇಲ್ಲಿ ಸೋಸ್ ಎನ್ನುತ್ತಾರೆ. ಹಾಲು 150 ಮಿಲಿ, ಮೊಸರು 100 ಗ್ರಾಂ, ಸೂರ್ಯಕಾಂತಿ ಎಣ್ಣೆ 80 ಮಿಲಿ, ಒಂದು ಇಡೀ ಮೊಟ್ಟೆ ಮತ್ತು ಇನ್ನೊಂದರ ಬಿಳಿ. ಆ ಎರಡನೆಯ ಮೊಟ್ಟೆಯ ಹಳದಿ ಮೇಲೆ ಸವರಲು. ಎಲ್ಲವನ್ನೂ ಚೆನ್ನಾಗಿ ಕಡೆದರೆ ಎಣ್ಣೆ ಬೇರೆಯಾಗದೆ ಮಜ್ಜಿಗೆಯ ಹದಕ್ಕೆ ನಿಲ್ಲುತ್ತದೆ. ಇದರಲ್ಲಿನ ಎಣ್ಣೆ ಹಾಳೆ ಹಾಳೆಗೆ ಅಂಟದಂತೆ ನೋಡಿಕೊಳ್ಳುತ್ತದೆ, ನೀರು ಆವಿಯಾಗಿ ಪದರಗಳನ್ನು ಬಿಡಿಸುತ್ತದೆ, ಮೊಟ್ಟೆ ಮತ್ತು ಹಾಲಿನ ಪ್ರೋಟೀನ್ ಗಟ್ಟಿಯಾಗಿ ಬಿಡಿಸಿದ ಪದರವನ್ನು ಹಾಗೆಯೇ ಹಿಡಿದಿಡುತ್ತದೆ. ಚಿರೋಟಿಯ ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿ ಹಚ್ಚುವುದರಲ್ಲಿ ಮೊದಲನೆಯ ಗುಟ್ಟು ಇದೆ, ಉಳಿದೆರಡು ಇಲ್ಲ. ಹಾಗಾಗಿಯೇ ಚಿರೋಟಿ ಪೂರ್ತಿ ಗರಿಗರಿ, ಬೋರೆಕ್ ಒಳಗೆ ಮೆತ್ತಗೆ. ಸೋಸ್‌ಗೆ ಸೋಡಾ ನೀರು ಸೇರಿಸಿದರೆ ಬೋರೆಕ್ ಹೆಚ್ಚು ಉಬ್ಬುತ್ತದೆ ಎಂದು ಇಲ್ಲಿ ಹಲವರು ನಂಬುತ್ತಾರೆ. ಹಿಂದೆ ಹಾಕಿ ನೋಡಿದ್ದೇನೆ, ನನಗೆ ಭೇದ ಕಾಣಲಿಲ್ಲ. ತಟ್ಟೆ ಓವನ್ ಸೇರುವ ಹೊತ್ತಿಗೆ ಅನಿಲದ ಬಹುಪಾಲು ಹೊರಟುಹೋಗಿರುತ್ತದೆ.

ಸುತ್ತುವುದು ಬೇಗ ಮುಗಿಯುವ ಕೆಲಸ. ಹಾಳೆ ಹಾಸಿ, ಹೆಚ್ಚಿನ ಪಿಷ್ಟವನ್ನು ಬ್ರಷ್‌ನಿಂದ ಗುಡಿಸಿ, ಸ್ವಲ್ಪ ಸೋಸ್ ಚಿಮುಕಿಸಿ ಕೈಯಿಂದ ಹರಡಿದೆ. ಹತ್ತಿರದ ಅಂಚಿನಲ್ಲಿ ಉದ್ದಕ್ಕೂ ಸುಮಾರು 105 ಗ್ರಾಂ ಹೂರಣ. ಅಲ್ಲಿಂದ ಸಡಿಲವಾಗಿ ಸುತ್ತುತ್ತ ಹೋಗಬೇಕು. ಬಿಗಿಯಾಗಿ ಸುತ್ತಿದರೆ ಆವಿಗೆ ಜಾಗವಿಲ್ಲದೆ ಹೊರಪದರ ಸೀಳುತ್ತದೆ, ಒಳಪದರಗಳು ಹಿಟ್ಟುಹಿಟ್ಟಾಗಿ ಉಳಿಯುತ್ತವೆ. ಸುತ್ತಿದ ಮೇಲೆ ಎರಡೂ ತುದಿಯಿಂದ ನಡುವಿಗೆ ತುಸು ದೂಡಿದರೆ ಮೈಯೆಲ್ಲ ನಿರಿಗೆ ಬೀಳುತ್ತದೆ. ಆ ನಿರಿಗೆಗಳು ಮುಖ್ಯ. ಮೇಲೆ ಸುರಿಯುವ ಸೋಸ್ ಅಲ್ಲಿ ನಿಲ್ಲುತ್ತದೆ, ಬೇಯುವಾಗ ಪ್ರತಿ ನಿರಿಗೆಯ ನೆತ್ತಿ ಕೆಂಪಗಾಗಿ ಸಂದು ಮೆತ್ತಗೆ ಉಳಿಯುತ್ತದೆ.

36 ಸೆಂಟಿಮೀಟರ್ ಅಗಲದ ಕಪ್ಪು ತಟ್ಟೆಗೆ ಎಣ್ಣೆ ಸವರಿ, ಹಸಿ ಸೊಪ್ಪಿನ ನಾಲ್ಕು ಸುರುಳಿಗಳನ್ನು ಒಳಗೆ, ಬಾಡಿಸಿದ ಸೊಪ್ಪಿನ ನಾಲ್ಕನ್ನು ಹೊರಗೆ ಸುತ್ತಿದೆ. ಕಪ್ಪು ತಟ್ಟೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಹೊಳೆಯುವ ತಟ್ಟೆ ಓವನ್‌ನ ಕಾವನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪು ತಟ್ಟೆ ಅದನ್ನು ಹೀರಿ ತಳಕ್ಕೆ ಕೊಡುತ್ತದೆ. ಬೋರೆಕ್‌ನಲ್ಲಿ ಮೊದಲು ಕೆಡುವುದು ತಳ. ಮಿಕ್ಕ ಸೋಸ್ ಮೇಲೆ ಸುರಿದು, ಅರ್ಧ ಗಂಟೆ ಹಾಗೆಯೇ ಬಿಟ್ಟೆ. ಹಾಳೆ ಅದನ್ನು ಕುಡಿಯಲು ಈ ಸಮಯ ಬೇಕು. ಕೊನೆಗೆ ಹಳದಿ ಸವರಿ, ಬಿಳಿ ಎಳ್ಳು ಮತ್ತು ಇಲ್ಲಿ ಚೋರೆಕ್ ಓತು ಎನ್ನುವ ಕಲೋಂಜಿ ಬೀಜ ಉದುರಿಸಿದೆ.

ಮಧ್ಯಾಹ್ನ 12:50ಕ್ಕೆ ಓವನ್‌ಗೆ. ಮೇಲೆ ಕೆಳಗೆ ಎರಡೂ ಕಾವು, 190 ಡಿಗ್ರಿ, ನಡುವಿನ ಹಂತಕ್ಕಿಂತ ಒಂದು ಕೆಳಗೆ. ಫ್ಯಾನ್ ಹಾಕಲಿಲ್ಲ, ಗಾಳಿಯಾಡಿದರೆ ಮೇಲ್ಭಾಗ ಬೇಗ ಒಣಗಿ ಒಳಗಿನ ಆವಿ ಕೆಲಸ ಮುಗಿಸುವ ಮೊದಲೇ ಗಟ್ಟಿಯಾಗುತ್ತದೆ. ಹದಿನೈದು ನಿಮಿಷಕ್ಕೆ ಸುರುಳಿಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡವು. ಇಪ್ಪತ್ತೈದಕ್ಕೆ ನಿರಿಗೆಗಳ ನೆತ್ತಿ ಬಣ್ಣ ತಿರುಗಿತು, ಅಂಚಿನಲ್ಲಿ ಎಣ್ಣೆ ಸಣ್ಣಗೆ ಗುಳ್ಳೆಯೇಳುತ್ತಿತ್ತು. ಮೂವತ್ತೈದಕ್ಕೆ ಮೇಲ್ಭಾಗ ಸಾಕೆನಿಸುವಷ್ಟು ಕೆಂಪಾಗಿತ್ತು. ಚಪ್ಪಟೆ ಸೌಟಿನಿಂದ ಹೊರಸುತ್ತನ್ನು ಎತ್ತಿ ನೋಡಿದರೆ ತಳ ಇನ್ನೂ ಮಾಸಲು ಬಿಳುಪು. ತಟ್ಟೆಯನ್ನು ಅತಿ ಕೆಳಗಿನ ಹಂತಕ್ಕೆ ಇಳಿಸಿ ಇನ್ನೂ ಹತ್ತು ನಿಮಿಷ. ಈಗ ತಳ ಹೊಂಬಣ್ಣ, ಬೆರಳಿನಿಂದ ತಟ್ಟಿದರೆ ಒಣ ಸದ್ದು. ಒಟ್ಟು 45 ನಿಮಿಷ.

ಹೊರತೆಗೆದ ತಕ್ಷಣ ಕತ್ತರಿಸಬಾರದು. ತೆಳು ಹತ್ತಿಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟೆ. ಒಳಗಿನ ಆವಿ ಹೊರಪದರವನ್ನು ತುಸು ಮೃದುಗೊಳಿಸುತ್ತದೆ, ಕತ್ತಿ ಹಾಯಿಸಿದಾಗ ಪುಡಿಯಾಗುವುದಿಲ್ಲ. ದಪ್ಪ ಬಟ್ಟೆ ಮುಚ್ಚಿದರೆ ಮಾತ್ರ ಮಾಡಿದ ಗರಿಯೆಲ್ಲ ಹೋಗುತ್ತದೆ.

ಹೋಲಿಕೆಯ ಫಲ ಹೀಗಿದೆ. ಬಾಡಿಸಿದ ಸೊಪ್ಪಿನ ಹೊರಸುತ್ತಿನ ತಳ ಹೆಚ್ಚು ಗರಿಯಾಗಿತ್ತು, ಹೂರಣ ಕಪ್ಪುಹಸಿರು, ಈರುಳ್ಳಿಯ ಸಿಹಿ ಮುಂದೆ ನಿಂತಿತ್ತು. ಹೊರಸುತ್ತಿಗೆ ತಟ್ಟೆಯ ಅಂಚಿನ ಕಾವೂ ಸಿಕ್ಕಿದೆ, ಹಾಗಾಗಿ ಗರಿಯ ಪೂರ್ತಿ ಶ್ರೇಯಸ್ಸನ್ನು ಹೂರಣಕ್ಕೆ ಕೊಡಲಾರೆ. ಹಸಿ ಸೊಪ್ಪಿನ ಒಳಸುತ್ತಿನ ತಳ ಒಂದು ತೂಕ ಮೆತ್ತಗೆ, ಒದ್ದೆಯಲ್ಲ. ಆದರೆ ಕತ್ತರಿಸಿದ ಮುಖದಲ್ಲಿ ಸೊಪ್ಪು ಹಸಿರಾಗಿಯೇ ಇತ್ತು, ಎಲೆ ಎಲೆಯಾಗಿ ಹಲ್ಲಿಗೆ ಸಿಗುತ್ತಿತ್ತು, ಚೀಸ್ ಕರಗದೆ ಅಲ್ಲಲ್ಲಿ ಬಿಳಿ ಗಂಟಾಗಿ ನಿಂತಿತ್ತು. ನನ್ನ ಮತ ಹಸಿ ಸೊಪ್ಪಿಗೆ. ತೆಯ್ಜೆಯದು ಬಾಡಿಸಿದ್ದಕ್ಕೆ. ಹಸಿ ಸೊಪ್ಪಿನದು ಬಿಸಿಯಿದ್ದಾಗ ಮಾತ್ರ ಚೆನ್ನ, ಮರುದಿನಕ್ಕೆ ಬಾಡಿಸಿದ್ದೇ ನಿಲ್ಲುತ್ತದೆ ಎಂಬುದು ಅವರ ವಾದ. ಮರುದಿನ ಎರಡನ್ನೂ ತಿಂದು ನೋಡಿದಾಗ ಆ ಮಾತಿನಲ್ಲಿ ಹುರುಳಿದೆ ಎನಿಸಿತು. ತಾಜಾ ತಿನ್ನುವ ತಟ್ಟೆಗೆ ಹಸಿ, ಬುತ್ತಿ ಕಟ್ಟುವ ತಟ್ಟೆಗೆ ಬಾಡಿಸಿದ್ದು ಎಂದು ಇನ್ನು ಮುಂದೆ ಮಾಡುತ್ತೇನೆ. ಜೊತೆಗೆ ಆಯ್ರಾನ್ ಕಡೆದಿದ್ದೆ, ನೀರು ಬೆರೆಸಿ ಉಪ್ಪು ಹಾಕಿದ ಮೊಸರು. ತೆಯ್ಜೆ ಮಾತ್ರ ಚಹಾ ಬಿಟ್ಟು ಬೇರೆ ಮುಟ್ಟಲಿಲ್ಲ.

ಕರ್ನಾಟಕದಲ್ಲಿ ಕುಳಿತು ಮಾಡುವವರಿಗೆ ಯಾವುದೂ ಅಸಾಧ್ಯವಲ್ಲ. ಮೈದಾ 400 ಗ್ರಾಂ, ಚಿರೋಟಿ ರವೆ 100 ಗ್ರಾಂ ಸೇರಿಸಿ ಕಲಸಿ ಒಂದು ಗಂಟೆ ನೆನೆಯಲು ಬಿಡಿ. ನಮ್ಮ ಪಾಲಕ್ ಎಲೆ ತೆಳು, ನೀರು ಬೇಗ ಬಿಡುತ್ತದೆ, ಹಿಂಡುವಾಗ ಕೈ ಹಗುರವಿರಲಿ. ಬೆಯಾಜ್ ಪೆಯ್ನಿರ್ ಬದಲಿಗೆ ಫೆಟಾ ಸರಿಹೊಂದುತ್ತದೆ. ಅದೂ ಸಿಗದಿದ್ದರೆ ಪನೀರ್ ಪುಡಿ ಮಾಡಿ, ಉಪ್ಪು ಹಾಕಿ, ಎರಡು ಚಮಚ ಗಟ್ಟಿ ಮೊಸರು ಬೆರೆಸಿ ಇಡಿ, ಆ ಹುಳಿ ಬೇಕೇ ಬೇಕು. ಮೊಟ್ಟೆ ತಿನ್ನದವರು ಸೋಸ್‌ನಲ್ಲಿ ಮೊಸರಿನ ಪಾಲು ಹೆಚ್ಚಿಸಿ, ಮೇಲೆ ಹಾಲು ಸವರಬಹುದು, ಬಣ್ಣ ತುಸು ಮಂಕಾಗುತ್ತದೆ ಅಷ್ಟೆ. ಗೋಧಿ ಪಿಷ್ಟಕ್ಕೆ ಬದಲು ಕಾರ್ನ್‌ಫ್ಲೋರ್ ಸಾಕು. ಒಕ್ಲಾವಾ ಇಲ್ಲದವರು ಬಡಗಿಯಿಂದ ಎರಡು ಸೆಂಟಿಮೀಟರ್ ದಪ್ಪದ, ಗಂಟಿಲ್ಲದ ನೇರ ಕೋಲು ಮಾಡಿಸಿ ನುಣುಪಾಗಿ ಉಜ್ಜಿಸಿಕೊಳ್ಳಿ. ಚಿಕ್ಕ ಓಟಿಜಿಯಲ್ಲಿ ಮೇಲಿನ ಕಾಯಿಲ್ ತಟ್ಟೆಗೆ ತೀರ ಹತ್ತಿರವಿರುತ್ತದೆ, ಅಂಥದರಲ್ಲಿ ಮೊದಲ ಅರ್ಧ ಗಂಟೆ ಕೆಳಗಿನ ಕಾವು ಮಾತ್ರ ಇಟ್ಟು, ಆಮೇಲೆ ಎರಡೂ ಹಾಕಿ ಬಣ್ಣ ತರಿಸುವುದು ಒಳ್ಳೆಯದು.

ಉಳಿದ ತುಂಡುಗಳನ್ನು ಮೈಕ್ರೋವೇವ್‌ಗೆ ಹಾಕಬೇಡಿ, ಹಾಳೆ ರಬ್ಬರಾಗುತ್ತದೆ. ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳವಿಟ್ಟು ಎರಡೂ ಬದಿ ಬಿಸಿ ಮಾಡಿದರೆ ತಳದ ಗರಿ ಮರಳುತ್ತದೆ. ಹಸಿ ಸುರುಳಿಗಳನ್ನು ಸೋಸ್ ಸುರಿಯದೆ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದು. ಬೇಕೆಂದಾಗ ಕರಗಿಸದೆ ನೇರವಾಗಿ ತಟ್ಟೆಗೆ ಹಾಕಿ, ಸೋಸ್ ಸುರಿದು, 180 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಹೆಚ್ಚು ಬೇಯಿಸಿದರೆ ಆಯಿತು.

ಇನ್ನು ಎತ್ತಿಟ್ಟ ಬೇರುಗಳು. ಬುಡದಿಂದ ಎರಡಂಗುಲ ದಂಟು ಬಿಟ್ಟು ಕತ್ತರಿಸಿ, ಉದ್ದಕ್ಕೆ ಸೀಳಿ, ಸಂದಿಯ ಮಣ್ಣು ಹೋಗುವ ಹಾಗೆ ತೊಳೆದು, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯೊಂದಿಗೆ ಬಾಡಿಸಿ ನಿಂಬೆರಸ ಹಿಂಡಿದರೆ ಇಲ್ಲಿನ ಮನೆಗಳ ಚಳಿಗಾಲದ ಪಲ್ಯ. ಎಲೆಗಿಂತ ಸಿಹಿ, ಕಚ್ಚಿದರೆ ಕರುಮ್ ಎನ್ನುತ್ತದೆ. ಅಂದು ರಾತ್ರಿ ಅನ್ನದ ಜೊತೆ ಅದನ್ನೇ ಉಂಡೆವು.